ಸೊಳ್ಳೆಯ ಗುಟ್ಟು ಬಿಡಿಸಿದ ರೊನಾಲ್ಡ್ ರಾಸ್

ನಾನು ಕಾಮರ್ಸ್ ವಿದ್ಯಾರ್ಥಿ. ವೈದ್ಯ ವಿಜ್ಞಾನಿಯೊಬ್ಬರ ಬಗ್ಗೆ ಬರೆಯುತ್ತಿರುವುದನ್ನು ನೋಡಿ ಸೈನ್ಸ್ ವಿಭಾಗದ ಗೆಳೆಯರು ನಗಬಹುದು. ಇದಕ್ಕೆ ಕಾರಣ ನನ್ನ ಮಾಮೂ. ಮಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗಿದ್ದ ಅವರು ಕಳೆದ ಮಳೆಗಾಲದಲ್ಲಿ ಚಳಿಜ್ವರ ಹತ್ತಿಸಿಕೊಂಡು ಊರಿಗೆ ಬಂದರು. ರಕ್ತ ಪರೀಕ್ಷೆ ಮಾಡಿದಾಗ ಮಲೇರಿಯಾ ಎಂದು ಗೊತ್ತಾಯಿತು. ಸೊಳ್ಳೆ ಪರದೆ ಇದೆಯೇ ಎಂದು ಆಸ್ಪತ್ರೆಯ ನರ್ಸ್ ಕೇಳಿದರು. ಇದೆ ಎಂದರು ಮಾಮೂ. ಅದರೊಳಗೆ ಮಲಗುತ್ತೀರಾ ಎಂದು ಕೇಳಿದಾಗ ತಲೆ ತಗ್ಗಿಸಿದರು. ನಾನಿ ಕೊಟ್ಟು ಕಳಿಸಿದ್ದ ಪರದೆ ಮಡಿಕೆ ಬಿಚ್ಚದೆ ಟ್ರಂಕಿನಲ್ಲೇ ಇತ್ತು.

ಆ ದಿನಗಳಲ್ಲೇ ನಾನು ರೊನಾಲ್ಡ್ ರಾಸ್ ಅವರ ಜೀವನ ಓದಿದೆ.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ಅಲ್ಮೋರಾದಲ್ಲಿ. ತಂದೆ ಸೇನೆಯಲ್ಲಿ ಅಧಿಕಾರಿ. ಹುಡುಗನಿಗೆ ಕವಿತೆ, ಚಿತ್ರಕಲೆಗಳ ಹುಚ್ಚು. ಆದರೆ ತಂದೆಯ ಆಸೆಯಂತೆ ಲಂಡನ್ನಿನಲ್ಲಿ ವೈದ್ಯಕೀಯ ಓದಿ, 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದರು.

ನಮ್ಮ ಬೆಂಗಳೂರಿನಲ್ಲೂ ಅವರು ಕೆಲಸ ಮಾಡಿದ್ದರು. 1883ರಲ್ಲಿ ಅಲ್ಲಿದ್ದಾಗ ಅವರ ಕೋಣೆಯಲ್ಲಿ ಸೊಳ್ಳೆ ಕಾಟ ವಿಪರೀತವಾಗಿತ್ತು. ಕಿಟಕಿಯ ಹೊರಗಿದ್ದ ತೊಟ್ಟಿಯ ನೀರಿನಲ್ಲಿ ಮರಿಗಳು ಓಡಾಡುವುದನ್ನು ಕಂಡು ನೀರು ಚೆಲ್ಲಿಸಿದರು. ಸೊಳ್ಳೆಗಳು ಕಡಿಮೆಯಾದವು.

ಆ ಕಾಲದಲ್ಲಿ ಮಲೇರಿಯಾ ಕೆಟ್ಟ ಗಾಳಿಯಿಂದ ಬರುತ್ತದೆ ಎಂದು ಜನ ನಂಬಿದ್ದರು. ರೋಗಿಯ ರಕ್ತದಲ್ಲಿರುವ ಪರಾವಲಂಬಿ ಜೀವಿಯನ್ನು ಲ್ಯಾವರಾನ್ 1880ರಲ್ಲೇ ಕಂಡಿದ್ದರು. ಅದು ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದು ಹೇಗೆ ಎಂಬುದೇ ಪ್ರಶ್ನೆಯಾಗಿತ್ತು. ಸೊಳ್ಳೆಯನ್ನು ಪರೀಕ್ಷಿಸುವಂತೆ 1894ರಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅವರಿಗೆ ದಾರಿ ತೋರಿಸಿದರು.

ಸಿಕಂದರಾಬಾದಿನ ಬೇಗಂಪೇಟೆಯಲ್ಲಿ ರಾಸ್ ಒಂದೊಂದೇ ಸೊಳ್ಳೆಯ ಹೊಟ್ಟೆ ಸೀಳಿ ನೋಡತೊಡಗಿದರು. ಸೆಕೆ ಎಂದರೆ ಸೆಕೆ. ಪಂಕ ಬೀಸಿಸಿಕೊಂಡರೆ ಸೊಳ್ಳೆಗಳು ಹಾರಿಹೋಗುತ್ತವೆ! ಬೆವರು ಬಿದ್ದು ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದವು. 1897ರಲ್ಲಿ ಊಟಿಯ ಕಡೆ ಹೋದಾಗ ಸ್ವತಃ ಅವರಿಗೇ ಮಲೇರಿಯಾ ಬಂತು. ಆದರೂ ಕೆಲಸ ಬಿಡಲಿಲ್ಲ.

ಆ ವರ್ಷದ ಆಗಸ್ಟ್‌ನಲ್ಲಿ ಹುಸೇನ್ ಖಾನ್ ಎಂಬ ರೋಗಿಯನ್ನು ಪರದೆಯೊಳಗೆ ಮಲಗಿಸಿ ಸೊಳ್ಳೆಗಳನ್ನು ಒಳಗೆ ಬಿಟ್ಟರು. ಕಚ್ಚಿದ ಒಂದೊಂದು ಸೊಳ್ಳೆಗೆ ಆತನಿಗೆ ಒಂದಾಣೆ ಕೂಲಿ. ಆಗಸ್ಟ್ 20ರಂದು ಅಂಥ ಒಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾದ ಜೀವಿ ಕಾಣಿಸಿತು. ಅದಕ್ಕೇ ಆ ದಿನವನ್ನು ವಿಶ್ವ ಸೊಳ್ಳೆ ದಿನವಾಗಿ ಆಚರಿಸುತ್ತಾರೆ. ಮರುವರ್ಷ ಕಲ್ಕತ್ತದಲ್ಲಿ, ಮಹಮ್ಮದ್ ಬಕ್ಷ್ ಎಂಬ ಸಹಾಯಕನ ಜೊತೆ ಹಕ್ಕಿಗಳ ಮೇಲೆ ಪ್ರಯೋಗ ಮಾಡಿ, ಸೊಳ್ಳೆ ಕಚ್ಚಿದಾಗ ಅದರ ಜೊಲ್ಲಿನ ಮೂಲಕ ಮಲೇರಿಯಾ ಹರಡುವುದನ್ನು ಕಂಡುಕೊಂಡರು. 1902ರಲ್ಲಿ ನೊಬೆಲ್ ಬಂತು. 1932ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು.

ನೊಬೆಲ್ ರಾಸ್ ಅವರಿಗೆ ಸಿಕ್ಕಿತು, ಹುಸೇನ್ ಖಾನ್‌ಗೆ ಸಿಕ್ಕಿದ್ದು ಕೆಲವು ಆಣೆ. ಆದರೆ ಆತ ಮೈ ಕೊಟ್ಟು ಮಲಗದಿದ್ದರೆ ಆ ದಿನದ ಗೆಲುವು ಇರುತ್ತಿರಲಿಲ್ಲ. ಆ ಹೆಸರನ್ನೂ ನಾವು ನೆನಪಿಡಬೇಕು ಎಂದು ನನಗನಿಸುತ್ತದೆ.

ಗೆಳೆಯರೇ, ಅಂದು ಸೊಳ್ಳೆ ಹೊರಗೆ ಹೋಗದಿರಲಿ ಎಂದು ಪರದೆ ಕಟ್ಟಿದ್ದರು, ಇಂದು ಅದು ಒಳಗೆ ಬರದಿರಲಿ ಎಂದು ನಾವು ಕಟ್ಟಬೇಕು. ಕೊಂಡು ಮಡಿಸಿಟ್ಟ ಪರದೆ ಗೋದಾಮಿನಲ್ಲಿ ಕೊಳೆಯುವ ಸರಕಿನಂತೆ. ಹಣ ಖರ್ಚಾಯಿತು, ಲಾಭ ಮಾತ್ರ ಇಲ್ಲ. ಮಾಮೂ ಗುಣವಾಗಿ ಮತ್ತೆ ಮಂಗಳೂರಿಗೆ ಹೋಗಿದ್ದಾರೆ. ನಾನಿ ರಾತ್ರಿ ಫೋನ್ ಮಾಡಿದಾಗ ಊಟವಾಯಿತೇ ಎಂದು ಕೇಳುವ ಮೊದಲು ಪರದೆ ಕಟ್ಟಿದೆಯಾ ಎಂದು ಕೇಳುತ್ತಾರೆ.