ಆಚಾರ್ಯ ಜಗದೀಶಚಂದ್ರ ಬೋಸರು

ರಾಜಗೋಪಾಲನಗರ, ಪೀಣ್ಯಗಳ ಕಾರ್ಖಾನೆಗಳಲ್ಲಿ ದುಡಿಯುವ ಪೋಷಕರು, ತಗಡಿನ ಮೇಲಣ ಬಣ್ಣದ ಲೇಪವು ಎಷ್ಟು ದಪ್ಪವಿರಬೇಕೆಂಬ ಚಿಂತೆಯನ್ನು ಬಲ್ಲರು. ಲೇಪವನ್ನು ಕೆರೆಯದೆ, ಮುಟ್ಟದೆ ಅಳೆಯಲು ಈಗ ಟೆರಾಹರ್ಟ್ಸ್ ಎಂಬ ಅತಿ ಕಿರಿದಾದ ವಿದ್ಯುತ್ತರಂಗಗಳನ್ನು ಬಳಸುವುದುಂಟು. ಆ ದಾರಿಯಲ್ಲಿ ಮೊದಲು ಹೆಜ್ಜೆಯಿಟ್ಟವರಲ್ಲೊಬ್ಬರಾದ ಬೋಸರ ಜೀವಿತವನ್ನು ಸಂಗ್ರಹವಾಗಿ ನಿರೂಪಿಸುವೆವು.

ಇವರು 1858ನೆಯ ನವೆಂಬರ್ 30ರಂದು ಬಂಗಾಳದಲ್ಲಿ ಜನಿಸಿದರು. ತಂದೆ ಭಗವಾನಚಂದ್ರರು ಸರಕಾರದ ಅಧಿಕಾರಿಗಳಾಗಿದ್ದರೂ ಮಗನನ್ನು ಮೊದಲು ದೇಶಭಾಷೆಯ ಶಾಲೆಯಲ್ಲಿ, ಬೆಸ್ತರ ಮತ್ತು ಜವಾನರ ಮಕ್ಕಳ ನಡುವೆ ಕುಳ್ಳಿರಿಸಿದರು. ಮುಂದೆ ಕಲ್ಕತ್ತೆಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಫಾದರ್ ಲಾಫೋಂ ಎಂಬ ಕ್ರೈಸ್ತ ಗುರುಗಳು ಪದಾರ್ಥವಿಜ್ಞಾನದಲ್ಲಿ ಇವರಿಗೆ ಆಸಕ್ತಿ ಹುಟ್ಟಿಸಿದರು. ಮಿಷನ್ ಶಾಲೆಯವರಾದ ನಾವು ಇದನ್ನು ತುಸು ಹೆಮ್ಮೆಯಿಂದ ಹೇಳಿದರೆ ವಾಚಕರು ಕ್ಷಮಿಸುವರಷ್ಟೆ.

ಕೇಂಬ್ರಿಜ್ಜಿನ ವ್ಯಾಸಂಗದ ತರುವಾಯ 1885ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾದರು. ಐರೋಪ್ಯರಿಗಿಂತ ಕಡಮೆ ಸಂಬಳವನ್ನು ಗೊತ್ತುಪಡಿಸಿದುದನ್ನು ಒಪ್ಪದೆ, ಮೂರು ವರ್ಷ ಒಂದು ಕಾಸನ್ನೂ ಮುಟ್ಟದೆ ಪಾಠ ಹೇಳಿದರು. ತಂದೆಯ ಸಾಲವು ತಲೆಯ ಮೇಲಿದ್ದ ಕಾಲವದು. 1887ರಲ್ಲಿ ಇವರ ಕೈಹಿಡಿದ ಅಬಲಾದೇವಿಯವರು ಮದರಾಸಿನಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿದ್ದವರು; ಆ ಕಷ್ಟದಲ್ಲಿ ಪೂರ್ಣವಾಗಿ ಭಾಗಿಯಾದರು. ಕಡೆಗೆ ಸರಕಾರವೇ ಮಣಿದು ಬಾಕಿಸಹಿತ ಪೂರ್ತಿ ಸಂಬಳವನ್ನು ಕೊಟ್ಟಿತು.

ತಕ್ಕ ಪ್ರಯೋಗಶಾಲೆಯಿಲ್ಲದ ಆ ಕಾಲೇಜಿನಲ್ಲಿ, ತಗಡಿನ ಕೆಲಸಗಾರನೊಬ್ಬನ ನೆರವಿನಿಂದ ಉಪಕರಣಗಳನ್ನು ಮಾಡಿಸಿಕೊಂಡು, ಹರ್ಟ್ಸ್ ಪಂಡಿತರ ಮಾರುದ್ದದ ಅಲೆಗಳನ್ನು ಸುಮಾರು 5 ಮಿಲಿಮೀಟರಿಗೆ ಇಳಿಸಿದರು. 1895ರಲ್ಲಿ ಕಲ್ಕತ್ತೆಯ ಪ್ರದರ್ಶನದಲ್ಲಿ ಇವರ ವಿದ್ಯುತ್ತರಂಗಗಳು ಗೋಡೆಗಳನ್ನು ದಾಟಿ ಗಂಟೆ ಬಾರಿಸಿದವು. ರೈಲಿನ ವೇಳಾಪಟ್ಟಿಯ ಪುಸ್ತಕವೂ ಇವರ ಕೈಯಲ್ಲಿ ಉಪಕರಣವೇ. ಹಾಳೆಗಳ ನಡುವೆ ತವರದ ತೆಳುಹಾಳೆಗಳನ್ನಿಟ್ಟು ಅಲೆಗಳನ್ನು ಸೋಸಿದರು.

ನಮ್ಮ ವಿಷಯಕ್ಕೆ ಹತ್ತಿರವಾದುದು 1897ರಲ್ಲಿ ಪ್ರಕಟವಾದ ಪ್ರಯೋಗ. ಗಾಜಿನ ಎರಡು ತುಂಡುಗಳನ್ನು ಎದುರುಬದುರಾಗಿಟ್ಟು, ನಡುವಣ ಗಾಳಿಯ ಪದರವನ್ನು ಮೆಲ್ಲಮೆಲ್ಲನೆ ಅಗಲಿಸಿದರು. ಪದರವು ತೆಳುವಾಗಿದ್ದಾಗ ಅಲೆಗಳು ದಾಟಿದವು. ದಪ್ಪವಾದಂತೆ ದಾಟುವುದು ಕಡಮೆಯಾಗಿ ಹಿಂದಿರುಗುವುದು ಹೆಚ್ಚಿತು. ಬೆಳಕಿನಿಂದ ಇದನ್ನು ಕಾಣಲು ಕೂದಲೆಳೆಗಿಂತ ಸಣ್ಣ ಸಂದು ಬೇಕು. ಬೋಸರ ಅಲೆಗಾದರೋ ಕಣ್ಣಿಗೆ ಕಾಣುವ ಸಂದು ಸಾಕು.

ಇಂದಿನ ಯಂತ್ರವು ಇನ್ನೂ ಕಿರಿದಾದ ಅಲೆಗಳ ಮಿಡಿತವನ್ನು ಲೇಪದ ಮೇಲೆ ಬಿಡುತ್ತದೆ. ಮೇಲ್ಮೈಯಿಂದ ಒಂದು ಪ್ರತಿಧ್ವನಿ, ತಳದಿಂದ ಇನ್ನೊಂದು. ಲೇಪವು ಮಿಲಿಮೀಟರಿನ ಹತ್ತರಲ್ಲೊಂದಂಶವಿದ್ದರೆ ಇವೆರಡರ ನಡುವಣ ಅಂತರ ಸೆಕೆಂಡಿನ ಲಕ್ಷಕೋಟಿಯ ಒಂದೆರಡು ಭಾಗ ಮಾತ್ರ. ಲೇಪದೊಳಗೆ ಅಲೆಯ ವೇಗವು ತಿಳಿದಿದ್ದರೆ ದಪ್ಪವು ಲೆಕ್ಕಕ್ಕೆ ಸಿಗುತ್ತದೆ.

ಬೋಸರು ಬಳಿಕ ಸಸ್ಯಗಳ ಕಡೆ ತಿರುಗಿ, 1917ರಲ್ಲಿ ತಮ್ಮ ವಿಜ್ಞಾನಮಂದಿರವನ್ನು ಸ್ಥಾಪಿಸಿ, 1937ರಲ್ಲಿ ಗಿರಿಡೀಹದಲ್ಲಿ ತೀರಿಕೊಂಡರು. ಸೂಕ್ಷ್ಮತರಂಗಗಳ ವಿದ್ಯೆಯನ್ನು ನಮ್ಮ ಬೆಂಗಳೂರಿನ ಟಾಟಾ ವಿಜ್ಞಾನಸಂಸ್ಥೆಯಲ್ಲಿ ಬೆಳೆಸಿದವರಲ್ಲಿ ಕನ್ನಡತಿ ರಾಜೇಶ್ವರಿ ಚಟರ್ಜಿಯವರು ಪ್ರಮುಖರು. ಅಬಲಾದೇವಿಯವರು 1919ರಲ್ಲಿ ನಾರೀಶಿಕ್ಷಾ ಸಮಿತಿಯನ್ನು ಕಟ್ಟಿ, 1951ರಲ್ಲಿ ತೀರಿಕೊಳ್ಳುವವರೆಗೂ ಬಂಗಾಳದ ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕಾಗಿ ದುಡಿದರು.