ಕಾಮಾಲೆಯ ಬೇರು ಹುಡುಕಿದ ಬ್ಲೂಂಬರ್ಗ್

ಬಿಳಿಗಿರಿರಂಗನ ಬೆಟ್ಟದ ಸೀಮೆಯಲ್ಲಿ ಯಾರಿಗಾದರೂ ಕಣ್ಣು ಹಳದಿಯಾದರೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸೋದುಂಟು. ಬಹಳಷ್ಟು ಕಾಮಾಲೆ ತಾನಾಗಿಯೇ ವಾಸಿಯಾಗುತ್ತೆ, ಹೆಸರು ಸೊಪ್ಪಿಗೆ ಬರುತ್ತೆ. ಆದರೆ ಹೆಪಟೈಟಿಸ್ ಬಿ ಯಕೃತ್ತನ್ನೇ ಕೈಕೊಡುವಂತೆ ಮಾಡಿದರೆ ಯಳಂದೂರು ದಾಟಿ ಮೈಸೂರಿಗೋ ಬೆಂಗಳೂರಿಗೋ ಓಡಬೇಕು. ದೊಡ್ಡ ಆಸ್ಪತ್ರೆಗಳಲ್ಲಿ ರೋಗಿಯ ಪ್ಲಾಸ್ಮಾ ತೆಗೆದು ದಾನಿಗಳದ್ದನ್ನು ತುಂಬುತ್ತಾರೆ, ಇಲ್ಲವೇ ಆಲ್ಬುಮಿನ್ ಬಳಸಿ ರಕ್ತದ ವಿಷ ಸೋಸುತ್ತಾರೆ. ಇದೇ ಕೃತಕ ಯಕೃತ್ತಿನ ನೆರವು. ಎಂಜಿನಿಯರಿಂಗ್ ಓದಿದ ನನ್ನಂಥವರ ಕಣ್ಣು ಮೊದಲು ಹೋಗೋದೇ ಆ ಯಂತ್ರದ ಮೇಲೆ. ಆದರೆ ಅದು ಕೊಡೋದು ಕೆಲವು ದಿನಗಳ ಕಾಲಾವಕಾಶ ಅಷ್ಟೇ. ಅಷ್ಟರಲ್ಲಿ ಯಕೃತ್ತು ಚೇತರಿಸಿಕೊಳ್ಳಬೇಕು, ಇಲ್ಲವೇ ಕಸಿ ಆಗಬೇಕು.

ಆ ಸ್ಥಿತಿಯೇ ಬಾರದಂತೆ ದಾರಿ ತೋರಿಸಿದವರು ಬರೂಕ್ ಬ್ಲೂಂಬರ್ಗ್. 1925ರ ಜುಲೈ 28ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದರು. ಓದಿದ್ದು ಭೌತಶಾಸ್ತ್ರ. ಗಣಿತಕ್ಕೆ ಸೇರಿದವರು ತಂದೆಯ ಮಾತಿನಂತೆ ವೈದ್ಯಕೀಯಕ್ಕೆ ಬಂದರು. ವಿದ್ಯಾರ್ಥಿಯಾಗಿದ್ದಾಗ ಸುರಿನಾಮ್‌ನ ಗಣಿ ಊರೊಂದಕ್ಕೆ ಹೋದರು. ಆಫ್ರಿಕಾ, ಭಾರತ, ಜಾವಾ ಮೂಲದ ಜನ ಅಲ್ಲಿದ್ದರು. ಒಂದೇ ಆನೆಕಾಲು ರೋಗ ಎಲ್ಲರನ್ನೂ ಒಂದೇ ರೀತಿ ಕಾಡುತ್ತಿರಲಿಲ್ಲ. ಯಾಕೆ ಅನ್ನೋ ಪ್ರಶ್ನೆ ಅವರ ಬೆನ್ನು ಬಿಡಲಿಲ್ಲ.

ಮುಂದೆ ಜಗತ್ತಿನ ನಾನಾ ಜನರ ರಕ್ತ ತರಿಸಿ, ವಂಶದಿಂದ ಬರುವ ವ್ಯತ್ಯಾಸ ಹುಡುಕತೊಡಗಿದರು. ಹೀಗಿರುವಾಗ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಹೊಸ ಪ್ರೋಟೀನ್ ಸಿಕ್ಕಿತು. ಅದಕ್ಕೆ ಆಸ್ಟ್ರೇಲಿಯಾ ಆ್ಯಂಟಿಜನ್ ಅಂತ ಹೆಸರಿಟ್ಟರು. ಮೊದಲು ಅದನ್ನೂ ವಂಶದ ಗುಣವೆಂದೇ ಭಾವಿಸಿದ್ದರು. ಆದರೆ ಡೌನ್ ಸಿಂಡ್ರೋಮ್ ಇದ್ದ ಒಬ್ಬರಲ್ಲಿ ಮೊದಲು ಇಲ್ಲದ ಆ ಪ್ರೋಟೀನ್ ಆಮೇಲೆ ಕಾಣಿಸಿಕೊಂಡಿತು, ಜೊತೆಗೆ ಯಕೃತ್ತಿನ ಉರಿಯೂತವೂ. ತಮ್ಮ ಊಹೆ ತಪ್ಪೆಂದು ಒಪ್ಪಿಕೊಂಡು ಬ್ಲೂಂಬರ್ಗ್ ಹೊಸ ದಾರಿ ಹಿಡಿದರು. ಅದು ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚ! ರಕ್ತದಾನದ ತಪಾಸಣೆ ಶುರುವಾಗಿದ್ದು ಇದರಿಂದಲೇ. 1969ರಲ್ಲಿ ಇರ್ವಿಂಗ್ ಮಿಲ್ಮನ್ ಜೊತೆ ಲಸಿಕೆಯ ವಿಧಾನ ರೂಪಿಸಿದರು. 1976ರಲ್ಲಿ ನೊಬೆಲ್ ಬಂತು, 1981ರಲ್ಲಿ ಅಮೆರಿಕದಲ್ಲಿ ಲಸಿಕೆಗೆ ಪರವಾನಗಿ ಸಿಕ್ಕಿತು.

1986ರಲ್ಲಿ ರಾಮನ್ ಸಂದರ್ಶಕ ಪ್ರಾಧ್ಯಾಪಕರಾಗಿ ಬೆಂಗಳೂರಿಗೂ ಬಂದಿದ್ದರು. ನಮ್ಮ ನೆಲನೆಲ್ಲಿಯನ್ನು ಅವರು ಮೂಢನಂಬಿಕೆ ಅಂತ ತಳ್ಳಲಿಲ್ಲ, ಪ್ರಯೋಗಾಲಯಕ್ಕೆ ಒಯ್ದರು. ಮದ್ರಾಸಿನ ಸಂಶೋಧಕರೊಂದಿಗೆ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೊಪ್ಪಿನ ಮದ್ದು ಪಡೆದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ಆ್ಯಂಟಿಜನ್ ಮಾಯವಾಗಿತ್ತು. ಆದರೆ ಬೇರೆಯವರ ಮುಂದಿನ ಪರೀಕ್ಷೆಗಳಲ್ಲಿ ಆ ಫಲ ಸಿಗಲಿಲ್ಲ. ಸೊಪ್ಪು ನಂಬಿ ಆಸ್ಪತ್ರೆಗೆ ತಡ ಮಾಡುವವರು ಕಥೆಯ ಈ ಎರಡನೇ ಭಾಗವನ್ನೂ ಕೇಳಬೇಕು.

ಆಮೇಲೆ ನಾಸಾದಲ್ಲಿ ಭೂಮಿಯಾಚೆಗಿನ ಜೀವದ ಹುಡುಕಾಟದ ಸಂಸ್ಥೆಗೆ ಮೊದಲ ನಿರ್ದೇಶಕರಾದರು. 2011ರ ಏಪ್ರಿಲ್ 5ರಂದು ನಾಸಾ ಕೇಂದ್ರವೊಂದರಲ್ಲಿ ನಡೆದ ಸಮ್ಮೇಳನದಲ್ಲಿ ಭಾಷಣ ಮುಗಿಸಿದ ಮೇಲೆ ತೀರಿಕೊಂಡರು. ಅವರ ಹುಟ್ಟುಹಬ್ಬವೇ ಇಂದು ವಿಶ್ವ ಹೆಪಟೈಟಿಸ್ ದಿನ.

ಅದೇ 2011ರಲ್ಲಿ ಈ ಲಸಿಕೆ ಭಾರತದಾದ್ಯಂತ ಸರ್ಕಾರಿ ಲಸಿಕಾ ಕಾರ್ಯಕ್ರಮಕ್ಕೆ ಸೇರಿತು. ಮೊದಲ ಡೋಸ್ ಹುಟ್ಟಿದ 24 ಗಂಟೆಯೊಳಗೆ ಬೀಳಬೇಕು. ಯಾಕೆಂದರೆ ಹುಟ್ಟುವಾಗ ಸೋಂಕು ತಗುಲಿದರೆ 10ರಲ್ಲಿ 9 ಮಕ್ಕಳಲ್ಲಿ ಅದು ಬಹುಕಾಲ ಉಳಿದುಬಿಡುತ್ತೆ. ಕಾಡಿನ ಪೋಡಿನಲ್ಲೇ ಹೆರಿಗೆಯಾದರೆ ಆ 24 ಗಂಟೆ ಕೈತಪ್ಪೋದು ಸುಲಭ. ಕೃತಕ ಯಕೃತ್ತಿನ ಯಂತ್ರ ಬೆಟ್ಟ ಹತ್ತೋದು ಯಾವಾಗಲೋ, ಲಸಿಕೆಯ ಡಬ್ಬಿ ಹಿಡಿದ ನರ್ಸಮ್ಮ ಮಾತ್ರ ಈವತ್ತೇ ಹತ್ತಬಹುದು.