ರೊನಾಲ್ಡ್ ರಾಸ್
ಸರ್ ರೊನಾಲ್ಡ್ ರಾಸ್ (13 ಮೇ 1857 – 16 ಸೆಪ್ಟೆಂಬರ್ 1932) ಬ್ರಿಟಿಷ್ ವೈದ್ಯ ಹಾಗೂ ವಿಜ್ಞಾನಿ. ಮಲೇರಿಯಾ ಸೊಳ್ಳೆಯ ಮೂಲಕ ಹರಡುತ್ತದೆ ಎಂಬುದನ್ನು ಪ್ರಯೋಗಗಳಿಂದ ತೋರಿಸಿದ ಇವರಿಗೆ 1902ರಲ್ಲಿ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು. ಸೊಳ್ಳೆ ನಿಯಂತ್ರಣದ ಬಗ್ಗೆ ಇವರಿಗೆ ಮೊದಲ ಯೋಚನೆ ಹೊಳೆದದ್ದು ಬೆಂಗಳೂರಿನಲ್ಲಿ.

ಆರಂಭಿಕ ಜೀವನ
ರಾಸ್ ಹಿಮಾಲಯದ ಆಲ್ಮೋರಾದಲ್ಲಿ ಜನಿಸಿದರು. ತಂದೆ ಭಾರತೀಯ ಸೇನೆಯ ಅಧಿಕಾರಿಯಾಗಿದ್ದರು. ಸಾಹಿತ್ಯ ಮತ್ತು ಚಿತ್ರಕಲೆಯಲ್ಲಿ ಒಲವಿದ್ದರೂ, ತಂದೆಯ ಇಚ್ಛೆಯಂತೆ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯಲ್ಲಿ ವೈದ್ಯಶಿಕ್ಷಣ ಪಡೆದು, 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿದರು.

ಬೆಂಗಳೂರಿನಲ್ಲಿ
1883ರಲ್ಲಿ ರಾಸ್ ಬೆಂಗಳೂರು ದಂಡಿನಲ್ಲಿ ವೈದ್ಯರಾಗಿದ್ದರು. ವಾಸದ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ಕಿಟಕಿಯ ಹೊರಗಿನ ತೊಟ್ಟಿಯ ನೀರಿನಲ್ಲಿ ಮರಿಹುಳುಗಳಿರುವುದನ್ನು ಕಂಡು ಅದನ್ನು ಬೋರಲು ಹಾಕಿಸಿದಾಗ ಕಾಟ ಬಹುಪಾಲು ನಿಂತಿತು. ಸೇನೆಯ ಭೋಜನಗೃಹದಲ್ಲಿಯೂ ಹೀಗೆಯೇ ಮಾಡಬಹುದೆಂದು ಸೂಚಿಸಿದಾಗ, ಅದು ಸೃಷ್ಟಿಕ್ರಮಕ್ಕೆ ವಿರುದ್ಧವೆಂದು ಸಹ ಅಧಿಕಾರಿಯೊಬ್ಬರು ನಿರಾಕರಿಸಿದರು. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟು ಆಗ ಇನ್ನೂ ತಿಳಿದಿರಲಿಲ್ಲ. 1895ರಲ್ಲಿ ಕಾಲರಾ ನಿಯಂತ್ರಣಕ್ಕಾಗಿ ರಾಸ್ ಮತ್ತೆ ಬೆಂಗಳೂರಿಗೆ ನಿಯೋಜಿತರಾದರು.

ಸಂಶೋಧನೆ
1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅವರ ಭೇಟಿಯಿಂದ ಇವರ ಶೋಧಕ್ಕೆ ದಿಕ್ಕು ದೊರೆಯಿತು. ಮುಂದಿನ ಕಾರ್ಯಕ್ಷೇತ್ರವಾದ ಸಿಕಂದರಾಬಾದ್ ದಂಡುಪ್ರದೇಶವು ನಿಜಾಮರ ಹೈದರಾಬಾದ್ ರಾಜ್ಯದಲ್ಲಿತ್ತು. ಇಂದು ಕರ್ನಾಟಕದಲ್ಲಿರುವ ರಾಯಚೂರು, ಲಿಂಗಸುಗೂರುಗಳೂ ಗುರುಗುಂಟಾ ಸಂಸ್ಥಾನವೂ ಆಗ ಅದೇ ರಾಜ್ಯಕ್ಕೆ ಸೇರಿದ್ದವು.

ರಾಸ್ ಅವರ ಮುಖ್ಯ ಸಾಧನ ಸೂಕ್ಷ್ಮದರ್ಶಕ. ಬೆವರಿನಿಂದ ಅದರ ತಿರುಪುಗಳು ತುಕ್ಕು ಹಿಡಿದವು, ನೇತ್ರಮಸೂರ ಸೀಳಿತು. ಛೇದಿಸಿದ ಸೊಳ್ಳೆಗಳು ಗಾಳಿಗೆ ಹಾರಿಹೋಗುವುದೆಂದು ಬಿಸಿಲ ಬೇಗೆಯಲ್ಲಿಯೂ ಪಂಖಾ ಬಳಸುವಂತಿರಲಿಲ್ಲ. ಹುಸೇನ್ ಖಾನ್ ಎಂಬ ರೋಗಿಗೆ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಕೊಟ್ಟು, ಆತನ ರಕ್ತ ಹೀರಿದ ಸೊಳ್ಳೆಗಳನ್ನು ಪರೀಕ್ಷಿಸಿದರು. 1897ರ ಆಗಸ್ಟ್ 20ರಂದು ಅನಾಫಿಲಿಸ್ ಸೊಳ್ಳೆಯ ಜಠರದ ಗೋಡೆಯಲ್ಲಿ ಮಲೇರಿಯಾ ಪರಾವಲಂಬಿಯ ಕೋಶಗಳು ಕಂಡವು. ಸ್ವಲ್ಪದರಲ್ಲಿಯೇ ರಜಪುತಾನದ ಖೇರ್ವಾಡಾಕ್ಕೆ ವರ್ಗವಾಗಿ ಕೆಲಸ ನಿಂತಿತು. 1898ರಲ್ಲಿ ಕಲ್ಕತ್ತಾದಲ್ಲಿ ಹಕ್ಕಿಗಳ ಮಲೇರಿಯಾವನ್ನು ಅಭ್ಯಸಿಸಿ, ಪರಾವಲಂಬಿಯು ಸೊಳ್ಳೆಯ ಲಾಲಾಗ್ರಂಥಿಯನ್ನು ಸೇರಿ ಕಡಿತದ ಮೂಲಕ ಹರಡುವುದನ್ನು ತೋರಿಸಿದರು. ಮನುಷ್ಯರ ಮಲೇರಿಯಾದಲ್ಲಿ ಈ ಚಕ್ರವನ್ನು ಇಟಲಿಯ ಜೊವಾನ್ನಿ ಬತ್ತಿಸ್ತಾ ಗ್ರಾಸ್ಸಿ ಮತ್ತು ಸಂಗಡಿಗರು ಸಾಬೀತುಪಡಿಸಿದರು. ಶ್ರೇಯಸ್ಸಿನ ವಿಷಯದಲ್ಲಿ ರಾಸ್ ಮತ್ತು ಗ್ರಾಸ್ಸಿ ನಡುವೆ ದೀರ್ಘ ವಿವಾದ ನಡೆಯಿತು.

ಸೊಳ್ಳೆ ನಿಯಂತ್ರಣ
1899ರಲ್ಲಿ ಲಿವರ್‌ಪೂಲಿನ ಉಷ್ಣವಲಯ ವೈದ್ಯಶಾಲೆಗೆ ಸೇರಿದ ರಾಸ್, ಸಿಯೆರಾ ಲಿಯೋನ್, ಇಸ್ಮಾಯಿಲಿಯಾ ಮತ್ತು ಮಾರಿಷಸ್‌ಗಳಲ್ಲಿ ನಿಂತ ನೀರನ್ನು ಬರಿದುಮಾಡುವ, ಹೊಂಡಗಳಿಗೆ ಎಣ್ಣೆ ಹಾಕುವ ಕ್ರಮಗಳನ್ನು ಪ್ರತಿಪಾದಿಸಿದರು. ಸೊಳ್ಳೆಗಳ ಸಂಖ್ಯೆಯನ್ನು ಒಂದು ಮಿತಿಗಿಂತ ಕೆಳಗಿಳಿಸಿದರೆ ಸಾಕು, ಪ್ರತಿಯೊಂದನ್ನೂ ಕೊಲ್ಲಬೇಕಿಲ್ಲವೆಂದು ಗಣಿತದ ಮೂಲಕ ನಿರೂಪಿಸಿದರು. 1911ರಲ್ಲಿ ನೈಟ್ ಪದವಿ ಪಡೆದರು. 1926ರಲ್ಲಿ ಲಂಡನ್ನಿನಲ್ಲಿ ಇವರ ಹೆಸರಿನ ಸಂಸ್ಥೆ ಆರಂಭವಾಯಿತು. 1932ರಲ್ಲಿ ಅಲ್ಲಿಯೇ ನಿಧನರಾದರು.

ಪರಂಪರೆ
ಆಗಸ್ಟ್ 20ನ್ನು ವಿಶ್ವ ಸೊಳ್ಳೆ ದಿನವಾಗಿ ಆಚರಿಸಲಾಗುತ್ತದೆ. ಇಂದು ಕೆರೆಗಳಿಗೆ ಮರಿನಾಶಕ ಸಿಂಪಡಿಸಲು ಡ್ರೋನ್‌ಗಳನ್ನೂ ಬಳಸಲಾಗುತ್ತಿದೆ. ಇವುಗಳ ಗುರಿಯೂ ನೀರಿನಲ್ಲಿರುವ ಮರಿಹುಳುವೇ. ಸೊಳ್ಳೆಗಳನ್ನು ದೂರವಿಡುವವೆಂದು ಮಾರಾಟವಾಗುವ ಶ್ರವಣಾತೀತ ಧ್ವನಿಯ ಸಾಧನಗಳು ಕಡಿತವನ್ನು ತಡೆಯುವುದಿಲ್ಲವೆಂದು 10 ಕ್ಷೇತ್ರಪ್ರಯೋಗಗಳನ್ನು ಪರಿಶೀಲಿಸಿದ 2007ರ ವಿಮರ್ಶೆ ತಿಳಿಸಿದೆ. ಮನೆಯ ಸುತ್ತಲಿನ ತೊಟ್ಟಿ, ಡ್ರಮ್ಮುಗಳನ್ನು ಆಗಾಗ ಬರಿದುಮಾಡುವುದು ಕರ್ನಾಟಕದ ಡೆಂಗಿ ಮತ್ತು ಮಲೇರಿಯಾ ನಿಯಂತ್ರಣದಲ್ಲಿ ಈಗಲೂ ಪ್ರಮುಖ ಕ್ರಮವಾಗಿದೆ.